ಹದಿಮೂರು ಪೌಂಡಿನ ಪಯಣ

ಸಂಘದ ವಂತಿಗೆಗೆಂದು ರಸೀತಿ ಪುಸ್ತಕ ಹಿಡಿದು ಮನೆಮನೆ ತಿರುಗಿದವರಿಗೆ ಒಂದು ಅನುಭವ ಚೆನ್ನಾಗಿ ಗೊತ್ತಿರುತ್ತದೆ. ಕೊಡುವವರು ಬಾಗಿಲಲ್ಲೇ ಕೊಟ್ಟು ಕಳುಹಿಸುತ್ತಾರೆ. ಕೊಡದವರು ಒಳಗೆ ಕರೆದು, ಕಾಫಿ ಕೊಟ್ಟು, ಸಂಘವನ್ನು ಹೇಗೆ ನಡೆಸಬೇಕೆಂದು ಒಂದು ಗಂಟೆ ಉಪದೇಶ ಮಾಡಿ, ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತಾರೆ. ನಾವು ಹಗಲೆಲ್ಲ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಬಿಲ್ಲು, ವೋಚರುಗಳ ನಡುವೆ ಕುಳಿತು, ಸಂಜೆ ರಾಜ್ಯೋತ್ಸವದ ರಸೀತಿ ಹರಿಯುವವರು. ಓದಿದ್ದು ಬಿ.ಎಸ್ಸಿ.; ಚರಿತ್ರೆ ನಮ್ಮ ಶಾಸ್ತ್ರವಲ್ಲ. ಆದುದರಿಂದ ಚರಿತ್ರೆಯ ಪುಸ್ತಕ ಕೈಗೆ ಬಂದಾಗಲೂ ನಮ್ಮ ಕಣ್ಣು ಮೊದಲು ಹೋಗುವುದು ಜಮಾಖರ್ಚಿನ ಕಡೆಗೆ.

ಕೆಲವು ವರ್ಷಗಳ ಹಿಂದೆ ಎಲ್.ಟಿ.ಸಿ. ಸೌಲಭ್ಯದಲ್ಲಿ ಸಂಸಾರ ಸಮೇತ ಕಲ್ಕತ್ತೆಗೆ ಹೋಗಿದ್ದಾಗ, ಹೌರಾದಿಂದ ಲೋಕಲ್ ಗಾಡಿ ಹಿಡಿದು ಶ್ರೀರಾಮಪುರವನ್ನು ನೋಡಿ ಬಂದೆವು. ಹೂಗ್ಲಿ ನದಿಯ ದಡದಲ್ಲಿರುವ ಈ ಊರು 1845ರವರೆಗೆ ಡೆನ್ಮಾರ್ಕಿನವರ ವಶದಲ್ಲಿತ್ತು. ನದಿಗೆ ಮುಖ ಮಾಡಿ ದೊಡ್ಡ ಕಂಬಗಳ ಒಂದು ಕಾಲೇಜು ನಿಂತಿದೆ; ಅದರ ಸ್ಥಾಪನೆ 1818ರಲ್ಲಿ. ಸ್ಥಾಪಕರಲ್ಲಿ ಮುಖ್ಯರಾದವರು ವಿಲಿಯಂ ಕೇರಿ. ಈ ಹೆಸರು ಕನ್ನಡಿಗರಾದ ನಮಗೆ ಅಪರಿಚಿತವಲ್ಲ. ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದ ಮುದ್ರಣಾಲಯದಿಂದಲೇ ಹೊರಬಂದಿತು. ಕನ್ನಡ ನಾಡಿಗೆ ಕಾಲಿಡದೆ, ದೂರದ ಬಂಗಾಳದಲ್ಲಿ ಕುಳಿತು ಒಬ್ಬ ಮನುಷ್ಯ ಈ ಕೆಲಸ ಮಾಡಿದನಲ್ಲ ಎಂದು ಆಶ್ಚರ್ಯಪಡುತ್ತಿರುವಾಗ, ನಮ್ಮ ಗುಮಾಸ್ತ ಬುದ್ಧಿ ಬೇರೊಂದು ಪ್ರಶ್ನೆ ಕೇಳಿತು: ಇವರನ್ನು ಇಲ್ಲಿಗೆ ಕಳುಹಿಸಲು ಹಣ ಕೊಟ್ಟವರು ಯಾರು? ಊರಿಗೆ ಮರಳಿದ ಮೇಲೆ ಪುಸ್ತಕಗಳನ್ನು ಹುಡುಕಿ ಓದಿದಾಗ ತಿಳಿದ ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇವೆ. ಮತಪ್ರಚಾರದ ವಿಷಯದಲ್ಲಿ ನಮ್ಮ ಓದುಗರಲ್ಲಿ ಭಿನ್ನಾಭಿಪ್ರಾಯಗಳಿರುವುದು ಸಹಜ. ಆ ಚರ್ಚೆ ಇಲ್ಲಿ ಬೇಡ. ನಾವು ಹೇಳಹೊರಟಿರುವುದು ಒಂದು ಬಡ ಸಂಸಾರ ವಂತಿಗೆಯ ಹಣದಲ್ಲಿ ಸಮುದ್ರ ದಾಟಿದ ಕಥೆ.

ಕೇರಿ ಹುಟ್ಟಿದ್ದು 1761ರಲ್ಲಿ, ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಒಂದು ಹಳ್ಳಿಯಲ್ಲಿ. ಕಲಿತ ಕಸುಬು ಚಮ್ಮಾರಿಕೆ. ಮೋಲ್ಟನ್ ಎಂಬ ಹಳ್ಳಿಯ ಬ್ಯಾಪ್ಟಿಸ್ಟ್ ಸಭೆಗೆ ಬೋಧಕರಾದ ಮೇಲೆ ಸಭೆಯವರು ಕೊಡುತ್ತಿದ್ದ ಸಂಬಳ ಹೊಟ್ಟೆಗೆ ಸಾಲದೆ, ಶಾಲೆಯನ್ನೂ ನಡೆಸಿದರು, ಬೂಟುಗಳನ್ನೂ ಹೊಲಿದರು. 1781ರಲ್ಲಿ ಕೈಹಿಡಿದ ಹೆಂಡತಿ ಡೊರೊಥಿ ಓದುಬರಹ ಬಾರದವಳು. ಮದುವೆಯ ದಾಖಲೆಯಲ್ಲಿ ಸಹಿಯ ಬದಲು ಗೀಟು ಹಾಕಿದ್ದಾಳೆ. ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಗಂಡುಮಕ್ಕಳು ಉಳಿದರು.

1792ರಲ್ಲಿ ಕೇರಿ ಒಂದು ಚಿಕ್ಕ ಪುಸ್ತಕ ಅಚ್ಚುಹಾಕಿಸಿದರು. ಹೊರದೇಶಗಳಿಗೆ ಹೋಗಿ ಕ್ರೈಸ್ತ ಮತವನ್ನು ಬೋಧಿಸುವುದು ತಮ್ಮವರ ಕರ್ತವ್ಯವೆಂಬುದೇ ಅದರ ವಾದ. ಪುಸ್ತಕದ ನಡುವೆ ಪ್ರಪಂಚದ ದೇಶಗಳ ಪಟ್ಟಿಗಳಿವೆ: ಉದ್ದ ಎಷ್ಟು ಮೈಲಿ, ಅಗಲ ಎಷ್ಟು, ಜನಸಂಖ್ಯೆ ಎಷ್ಟು, ಮತ ಯಾವುದು ಎಂದು ಕಲಮು ಹಾಕಿ ತಯಾರಿಸಿದ ಪಟ್ಟಿಗಳು. ನಮ್ಮ ಕಚೇರಿಯ ಸ್ಟೇಟ್‌ಮೆಂಟುಗಳಿಗಿಂತ ಅಚ್ಚುಕಟ್ಟು. ಕೊನೆಯಲ್ಲಿ ಹಣದ ವಿಷಯ ಬರುತ್ತದೆ. ವ್ಯಾಪಾರಕ್ಕಾಗಿ ಕಂಪನಿ ಕಟ್ಟಿ, ಹಡಗು ಸಜ್ಜುಗೊಳಿಸಿ, ಗೊತ್ತಿಲ್ಲದ ಸಮುದ್ರಗಳಿಗೆ ಹೋಗುವವರಿಲ್ಲವೇ, ಹಾಗೆಯೇ ನಾವೂ ಒಂದು ಸಂಘ ಕಟ್ಟೋಣ ಎನ್ನುತ್ತಾರೆ. ಶ್ರೀಮಂತರು ತಮ್ಮ ಆದಾಯದ ಒಂದು ಭಾಗ ಕೊಡಲಿ. ಬಡವರು ವಾರಕ್ಕೆ ಒಂದು ಪೆನ್ನಿ ಕೊಟ್ಟರೂ ಸಾಕು. ಆ ಕಾಲದಲ್ಲಿ ಗುಲಾಮರ ಬೆವರಿನಿಂದ ತಯಾರಾದ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಅನೇಕ ಇಂಗ್ಲಿಷ್ ಮನೆಗಳವರು ಬಿಟ್ಟಿದ್ದರು. ಅದರಿಂದ ಒಂದೊಂದು ಮನೆಗೆ ವಾರಕ್ಕೆ ಆರು ಪೆನ್ಸೋ ಒಂದು ಷಿಲಿಂಗೋ ಉಳಿಯುತ್ತಿದೆಯಲ್ಲ, ಆ ಉಳಿತಾಯವನ್ನು ಇದಕ್ಕೆ ಕೊಡಬಹುದು ಎಂದು ಕೇರಿ ಲೆಕ್ಕ ಹಾಕಿದ್ದಾರೆ. ವಂತಿಗೆ ಎತ್ತುವವರು ಜನರ ಅಡಿಗೆಮನೆಯ ಖರ್ಚನ್ನೂ ಬಲ್ಲವರಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಅದೇ ವರ್ಷ ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಊರಿನಲ್ಲಿ, ವಿಧವೆಯೊಬ್ಬರ ಮನೆಯ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ಜನ ಸೇರಿದರು. ಹೆಚ್ಚಿನವರು ಹಳ್ಳಿಯ ಬೋಧಕರು, ಯಾರೂ ಹಣವಂತರಲ್ಲ. ಅಂದು ಬ್ಯಾಪ್ಟಿಸ್ಟ್ ಮಿಷನರಿ ಸಂಘ ಹುಟ್ಟಿತು. ಆಂಡ್ರ್ಯೂ ಫುಲ್ಲರ್ ಕಾರ್ಯದರ್ಶಿಯಾದರು. ಕೂಡಿದವರು ಬರೆದುಕೊಟ್ಟ ವಂತಿಗೆಯ ಮೊತ್ತ 13 ಪೌಂಡು, 2 ಷಿಲಿಂಗು, 6 ಪೆನ್ಸು. ಇದು ನಗದಲ್ಲ, ಕೊಡುತ್ತೇವೆಂಬ ಮಾತು ಮಾತ್ರ! ಆ ಚೀಟಿಗಳನ್ನು ಫುಲ್ಲರರ ನಶ್ಯದ ಡಬ್ಬಿಯಲ್ಲಿ ಸಂಗ್ರಹಿಸಿದರೆಂದು ಪ್ರತೀತಿ. ಸ್ವಲ್ಪ ದಿನದಲ್ಲೇ ಬರ್ಮಿಂಗ್‌ಹ್ಯಾಮಿನ ಸ್ಯಾಮ್ಯುಯೆಲ್ ಪಿಯರ್ಸ್ ತಮ್ಮ ಊರಿನಿಂದ 70 ಪೌಂಡು ಕೂಡಿಸಿ ಕಳುಹಿಸಿದಾಗ ಎಲ್ಲರಿಗೂ ಧೈರ್ಯ ಬಂದಿತು.

1793ರ ಜನವರಿಯಲ್ಲಿ ಜಾನ್ ಥಾಮಸ್ ಎಂಬ ಹಡಗಿನ ವೈದ್ಯರು ಬಂದು ಸೇರಿದರು. ಅವರು ಮೊದಲೇ ಬಂಗಾಳದಲ್ಲಿ ಇದ್ದು ಬಂದವರು, ಭಾಷೆ ಬಲ್ಲವರು, ಅಷ್ಟೇ ಸಾಲವನ್ನೂ ಮಾಡಿಕೊಂಡವರು. ಅವರ ಜೊತೆಗೆ ತಾವು ಹೋಗುವುದಾಗಿ ಕೇರಿ ಒಪ್ಪಿದರು. ಆಳವಾದ ಗಣಿಗೆ ಇಳಿಯುವವನಂತೆ ತಾವು ಇಳಿಯುತ್ತೇವೆ, ಮೇಲಿರುವವರು ಹಗ್ಗ ಬಿಡಬಾರದು ಎಂಬ ಮಾತು ಅವರ ನಡುವೆ ಆಯಿತಂತೆ. ಹಗ್ಗ ಹಿಡಿದ ಫುಲ್ಲರ್ ಲಂಡನ್ನಿನ ಬೀದಿಗಳಲ್ಲಿ ಮನೆಮನೆ ಅಲೆದರು. ದೊಡ್ಡ ಸಭೆಗಳ ಪ್ರತಿಷ್ಠಿತರು ಈ ಹಳ್ಳಿಯವರ ಸಾಹಸವನ್ನು ಹಗುರವಾಗಿ ಕಂಡರು. ಕೆಲವು ಸಲ ಅವರು ಗಲ್ಲಿಗಳಿಗೆ ಸರಿದು, ಯಾರೂ ಕಾಣದಂತೆ ಕಣ್ಣೀರು ಒರೆಸಿಕೊಂಡದ್ದುಂಟೆಂದು ಹೇಳುತ್ತಾರೆ. ಇದನ್ನು ಓದಿದಾಗ ಎರಡು ಶತಮಾನಗಳ ಅಂತರ ನಮಗೆ ಅಂತರವೆನಿಸಲಿಲ್ಲ.

ಹಣವೇನೋ ಬರುತ್ತಿತ್ತು. ಆದರೆ ಡೊರೊಥಿ ಬರಲು ಒಪ್ಪಲಿಲ್ಲ. ತುಂಬು ಗರ್ಭಿಣಿ; ಫ್ರಾನ್ಸಿನೊಡನೆ ಯುದ್ಧ ಆಗತಾನೆ ಆರಂಭವಾಗಿತ್ತು. ಆಕೆಯ ನಿರಾಕರಣೆಯಲ್ಲಿ ತಪ್ಪೇನಿದೆ? ಕೇರಿ ಹಿರಿಯ ಮಗ ಫೆಲಿಕ್ಸನನ್ನು ಮಾತ್ರ ಕರೆದುಕೊಂಡು ಏಪ್ರಿಲ್ಲಿನಲ್ಲಿ ‘ಅರ್ಲ್ ಆಫ್ ಆಕ್ಸ್‌ಫರ್ಡ್’ ಎಂಬ ಹಡಗು ಹತ್ತಿದರು. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲದೆ ಯಾರೂ ಕಂಪನಿಯ ಸೀಮೆಗೆ ಬರುವಂತಿರಲಿಲ್ಲ, ಮಿಷನರಿಗಳಿಗೆ ಕಂಪನಿ ಪರವಾನಗಿ ಕೊಡುತ್ತಿರಲಿಲ್ಲ. ಯುದ್ಧದ ಕಾರಣ ಬೆಂಗಾವಲಿಗಾಗಿ ಹಡಗು ಕಾಯುತ್ತಿದ್ದಾಗ ಕಪ್ತಾನನಿಗೆ ಎಚ್ಚರಿಕೆಯ ಒಂದು ಅನಾಮಧೇಯ ಪತ್ರ ಬಂದಿತು. ಮೂಗರ್ಜಿಯ ಮಹಿಮೆ ಎಲ್ಲ ಕಾಲದಲ್ಲೂ ಒಂದೇ. ಇಬ್ಬರನ್ನೂ ಗಂಟುಮೂಟೆ ಸಮೇತ ಇಳಿಸಿಬಿಟ್ಟರು.

ಆದರೆ ಈ ಅಪಮಾನವೇ ಸಂಸಾರವನ್ನು ಕೂಡಿಸಿತು. ಥಾಮಸ್ ಲಂಡನ್ನಿನಲ್ಲಿ ವಿಚಾರಿಸಿ, ಕಂಪನಿಯ ಹಂಗಿಲ್ಲದ ಒಂದು ಡೇನಿಷ್ ಹಡಗು ಬಂಗಾಳಕ್ಕೆ ಹೋಗುವುದನ್ನು ಪತ್ತೆ ಮಾಡಿದರು. ದೊಡ್ಡವರಿಗೆ 100 ಪೌಂಡು, ಮಕ್ಕಳಿಗೆ 50, ಪರಿಚಾರಕರಿಗೆ 25. ಕೇರಿ, ಥಾಮಸ್ ಇಬ್ಬರೂ ಡೊರೊಥಿ ಇದ್ದ ಪಿಡಿಂಗ್ಟನ್ ಹಳ್ಳಿಗೆ ಓಡಿದರು. ಅಷ್ಟರಲ್ಲಿ ಆಕೆಗೆ ಗಂಡುಮಗು ಹುಟ್ಟಿತ್ತು. ಮತ್ತೆ ಕೇಳಿದರು, ಮತ್ತೆ ಒಲ್ಲೆನೆಂದಳು. ಹೊರಟು ದಾರಿ ಹಿಡಿದ ಮೇಲೆ ಥಾಮಸ್ ಒಬ್ಬರೇ ಹಿಂದಿರುಗಿ ಹೋಗಿ, ಈಗ ಬಾರದಿದ್ದರೆ ಸಂಸಾರ ಶಾಶ್ವತವಾಗಿ ಚದುರಿಹೋಗುತ್ತದೆ, ಬದುಕಿರುವವರೆಗೂ ಪಶ್ಚಾತ್ತಾಪಪಡುತ್ತೀ ಎಂದು ಹೇಳಿದರು. ಆಕೆ ಹೆದರಿ, ತಂಗಿ ಕಿಟ್ಟಿ ಜೊತೆಗೆ ಬಂದರೆ ಬರುತ್ತೇನೆಂದಳು. ಕಿಟ್ಟಿ ಒಪ್ಪಿದಳು. ಮನೆಯ ಸಾಮಾನು ಮಾರಿ, ಇದ್ದಬದ್ದದ್ದನ್ನು ಕಟ್ಟಿ ಹೊರಟೇಬಿಟ್ಟರು.

ಈಗ ಒಟ್ಟು ಎಂಟು ಜನ. ಮೊದಲಿನ ಹಡಗಿನವರು ಹಿಂತಿರುಗಿಸಿದ ಹಣ ಎಲ್ಲಿಗೂ ಸಾಲದು. ನಾರ್ಥಾಂಪ್ಟನ್ನಿನ ಜಾನ್ ರೈಲಂಡ್ ತಮ್ಮಲ್ಲಿದ್ದುದನ್ನು ಕೊಟ್ಟು, ಲಂಡನ್ನಿನ ಗೆಳೆಯರು ಮುಂಗಡ ಕೊಡಬೇಕೆಂದು ಪತ್ರಗಳನ್ನು ಬರೆದುಕೊಟ್ಟರು. ಆದರೂ ಕೊರತೆ. ಕೊನೆಗೆ ಥಾಮಸ್ ಮತ್ತು ಕಿಟ್ಟಿ ಪರಿಚಾರಕರ ಲೆಕ್ಕದಲ್ಲಿ ಹೋಗುವುದೆಂದಾಯಿತು. 300 ಗಿನಿಗಳಿಗೆ ವ್ಯವಹಾರ ಕುದುರಿತು. ಹಡಗಿನ ಕಪ್ತಾನ ದೊಡ್ಡ ಮನಸ್ಸಿನವನು. ಅವರಿಬ್ಬರನ್ನೂ ತನ್ನ ಊಟದ ಮೇಜಿಗೇ ಕರೆಸಿಕೊಂಡ. 1793ರ ಜೂನ್ 13ರಂದು ಡೋವರಿನಿಂದ ಹೊರಟ ‘ಕ್ರೋನ್ ಪ್ರಿನ್ಸೆಸಾ ಮರಿಯಾ’ ನವೆಂಬರಿನಲ್ಲಿ ಕಲ್ಕತ್ತೆ ಸೇರಿತು.

ಮುಂದಿನ ಕಥೆ ಸುಖದ್ದಲ್ಲ. ಮಾರಿ ಜೀವಿಸಲೆಂದು ತಂದ ಸರಕಿನ ಹಣ ಥಾಮಸರ ಕೈಯಲ್ಲಿ ಕೆಲವೇ ವಾರಗಳಲ್ಲಿ ಕರಗಿತು. ಸಂಸಾರ ಸುಂದರಬನದ ಅಂಚಿನಲ್ಲಿ ಕೆಲಕಾಲ ಕಳೆಯಿತು. 1794ರಲ್ಲಿ ಮುದ್ನಾಬತಿಯ ನೀಲಿ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 200 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಇನ್ನು ತಮಗೆ ಹಣ ಬೇಡ, ಅದನ್ನು ಬೇರೆ ಕಡೆಯ ಕೆಲಸಕ್ಕೆ ಬಳಸಿ ಎಂದು ಕೇರಿ ಇಂಗ್ಲೆಂಡಿಗೆ ಬರೆದರು. ವಂತಿಗೆ ಬೇಡವೆಂದು ಬರೆದ ಪತ್ರ ಯಾವ ಸಂಘದ ಕಡತದಲ್ಲೂ ಅಪರೂಪ. ಆದರೆ ಅದೇ ವರ್ಷ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡ. ಜಾತಿಯ ಭಯದಿಂದ ಜನ ಹತ್ತಿರ ಬರಲಿಲ್ಲ. ನಾಲ್ವರು ಮುಸಲ್ಮಾನರು ಗುಂಡಿ ತೋಡಲು ಒಪ್ಪಿದರು. ಡೊರೊಥಿಯ ಬುದ್ಧಿ ಸ್ಥಿಮಿತ ತಪ್ಪಿತು, ಮತ್ತೆ ನೆಟ್ಟಗಾಗಲಿಲ್ಲ. ಕಿಟ್ಟಿಯೂ ಕಂಪನಿಯ ಅಧಿಕಾರಿಯೊಬ್ಬರನ್ನು ಮದುವೆಯಾಗಿ ಬೇರೆಯಾದಳು. ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಹೀಗೆ ನರಳಿ, 1807ರ ಡಿಸೆಂಬರಿನಲ್ಲಿ ಡೊರೊಥಿ ಶ್ರೀರಾಮಪುರದಲ್ಲಿ ಕಣ್ಣು ಮುಚ್ಚಿದಳು. ಪಕ್ಕದ ಕೋಣೆಯಲ್ಲಿ ಕೇರಿ ಭಾಷಾಂತರ ಮಾಡುತ್ತಲೇ ಇದ್ದರು.

ಇಲ್ಲಿ ನಮ್ಮದೊಂದು ಮಾತು ಹೇಳದಿರಲಾರೆವು. ನಮಗೆ ಈ ಊರಿಗೆ ವರ್ಗವಾದಾಗ ಆದೇಶದಲ್ಲಿದ್ದುದು ನಮ್ಮ ಹೆಸರು. ಪ್ರವಾಸ ಭತ್ಯದ ಬಿಲ್ಲಿನಲ್ಲಿ ‘ಕುಟುಂಬದ ಸದಸ್ಯರು’ ಎಂಬ ಕಲಮು ಇತ್ತು. ಹೆಸರು, ವಯಸ್ಸು, ಸಂಬಂಧ ತುಂಬಿದೆವು. ಅವರಿಗೆ ಬರಲು ಮನಸ್ಸಿದೆಯೇ ಎಂಬ ಕಲಮು ಇರಲಿಲ್ಲ, ನಾವೂ ಬಾಯಿಬಿಟ್ಟು ಕೇಳಲಿಲ್ಲ. ಮೊದಲ ವರ್ಷ ನಮ್ಮ ಮನೆಯಾಕೆ ತರಕಾರಿಯವನೊಡನೆ ಬೆರಳು ಮಡಿಚಿ ವ್ಯವಹರಿಸಿ, ಮಧ್ಯಾಹ್ನವೆಲ್ಲ ಕಿಟಕಿಯಲ್ಲಿ ಕುಳಿತಿರುತ್ತಿದ್ದಳೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಕಷ್ಟ ಡೊರೊಥಿಯ ಕಷ್ಟದ ಮುಂದೆ ಏನೂ ಅಲ್ಲ. ಆದರೂ ಆಕೆಯ ಕಥೆ ಓದುವಾಗ ಆ ಕಿಟಕಿ ನೆನಪಿಗೆ ಬಂದಿತು.

ಕೇರಿ 1800ರ ಜನವರಿಯಲ್ಲಿ ಶ್ರೀರಾಮಪುರಕ್ಕೆ ಬಂದರು. ಜೊತೆಗೆ ಮಾರ್ಷ್‌ಮನ್ ದಂಪತಿಗಳು, ಮುದ್ರಣ ಬಲ್ಲ ವಾರ್ಡ್. ಎಲ್ಲರದೂ ಒಂದೇ ಹುಂಡಿ. ಕೇರಿಯ ಫೋರ್ಟ್ ವಿಲಿಯಂ ಕಾಲೇಜಿನ ಸಂಬಳ, ಮಾರ್ಷ್‌ಮನ್ ದಂಪತಿಗಳ ವಸತಿಶಾಲೆಯ ಆದಾಯ, ಮುದ್ರಣಾಲಯದ ಲಾಭ ಎಲ್ಲವೂ ಅದಕ್ಕೇ. 1812ರ ಮಾರ್ಚ್ 11ರ ರಾತ್ರಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಕಾಗದ, ಅಚ್ಚುಮೊಳೆಗಳ ಜೊತೆಗೆ ಹಲವು ಹಸ್ತಪ್ರತಿಗಳು ಬೂದಿಯಾದವು. ಹೊಸ ಒಡಂಬಡಿಕೆಯ ಕನ್ನಡ ಅನುವಾದವೂ ಅದರಲ್ಲಿ ಸುಟ್ಟುಹೋಯಿತು. ಸುದ್ದಿ ಮುಟ್ಟಿದ ಮೇಲೆ ಇಂಗ್ಲೆಂಡಿನ ಸಭೆಗಳು ಸುಮಾರು ಎರಡು ತಿಂಗಳಲ್ಲಿ 10,000 ಪೌಂಡು ಕೂಡಿಸಿದವು. ಇಪ್ಪತ್ತು ವರ್ಷಗಳ ಹಿಂದೆ ನಶ್ಯದ ಡಬ್ಬಿಯಲ್ಲಿ ಹಿಡಿಸಿದ ಹಣ! ಕೇರಿ ಮತ್ತೆ ಮೊದಲಿನಿಂದ ಬರೆಯಲು ಕುಳಿತರು. ಐದು ವರ್ಷಗಳ ಮೇಲೆ ಬಂದದ್ದೇ ಆ ಕನ್ನಡ ವ್ಯಾಕರಣ.

ಒಳ್ಳೆಯ ಸಂಘಗಳಲ್ಲೂ ಜಗಳ ತಪ್ಪಿದ್ದಲ್ಲ. 1815ರಲ್ಲಿ ಫುಲ್ಲರ್ ತೀರಿಕೊಂಡ ಮೇಲೆ, ಲಂಡನ್ನಿನ ಹೊಸ ಸಮಿತಿಯವರಿಗೂ ಶ್ರೀರಾಮಪುರದವರಿಗೂ ಆಸ್ತಿಯ ಒಡೆತನದ ಮೇಲೆ ವಿವಾದ ಬೆಳೆದು, 1827ರಲ್ಲಿ ಎರಡೂ ಬೇರೆಯಾದವು. ಆದರೆ ಬಡವರ ಕಾಸಿನ ಪದ್ಧತಿ ನಿಲ್ಲಲಿಲ್ಲ. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಹಿಂದೆಯೂ, ಮುಂದೆ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಸಾಮಾನ್ಯ ಮನೆಗಳಿಂದ ವಾರವಾರ ಎತ್ತುತ್ತಿದ್ದ ಅರ್ಧ ಬಾಟ್ಸೆನ್ ಎಂಬ ಪುಡಿಗಾಸು ನಿಂತಿತ್ತು. 1853ರಲ್ಲಿ ಬಂದ ಕಿಟ್ಟೆಲ್ ಆ ಮಿಷನ್ನಿನವರೇ. 1894ರಲ್ಲಿ ಅವರ ನಿಘಂಟು ಅಚ್ಚಾದದ್ದೂ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ. ಕನ್ನಡವನ್ನು ಎಂದೂ ಕೇಳದ ಯಾರೋ ಮುದುಕಿಯ ಕಾಸು ನಮ್ಮ ಭಾಷೆಯ ಕೆಲಸಕ್ಕೆ ಸೇರಿದೆ.

ಯಾರು ಎಷ್ಟು ಕೊಟ್ಟರೆಂಬುದು ಕೆಟರಿಂಗಿನ ಪಟ್ಟಿಯಲ್ಲಿ ಪೆನ್ಸಿನವರೆಗೆ ದಾಖಲಾಗಿದೆ. ಡೊರೊಥಿ ಮತ್ತು ಪೀಟರ್ ಆ ಪಟ್ಟಿಯಲ್ಲಿಲ್ಲ, ಇರುವುದಕ್ಕೂ ಸಾಧ್ಯವಿರಲಿಲ್ಲ. ಆದರೆ ಕೇರಿಯ ವ್ಯಾಕರಣದ ಬಗ್ಗೆ ಮಾತನಾಡುವಾಗ ಅವರ ಹೆಸರನ್ನೂ ಒಮ್ಮೆ ಹೇಳುವುದು ನ್ಯಾಯವೆಂದು ನಮಗೆ ತೋರುತ್ತದೆ. ಶ್ರೀರಾಮಪುರಕ್ಕೆ ಹೋಗುವ ನಮ್ಮ ಸದಸ್ಯರು ಕಾಲೇಜಿನ ಕಂಬಗಳ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ, ಅರ್ಧ ಗಂಟೆ ನದಿಯ ದಡದಲ್ಲಿ ಕುಳಿತು ಬರಲಿ. ಅಲ್ಲಿಂದ ಪಿಡಿಂಗ್ಟನ್ ಎಷ್ಟು ದೂರವೆಂಬುದು ಅಲ್ಲಿ ಕುಳಿತರೆ ಸ್ವಲ್ಪ ತಿಳಿಯುತ್ತದೆ.