ವ್ಯಯ ಸಂವತ್ಸರದ ಇಲಿಗಳು

ಕಿತ್ತೂರಿನ ಕೋಟೆ ಕುಂಪಣಿ ಸರಕಾರದ ಕೈಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಧಾರವಾಡ ಸೀಮೆಯ ರೈತರು ಹೊಸ ಒಡೆಯರ ಕಂದಾಯದ ಲೆಕ್ಕಕ್ಕೆ ಇನ್ನೂ ಹೊಂದಿಕೊಳ್ಳುತ್ತಿದ್ದ ಕಾಲವದು. 1826ರಲ್ಲಿ, ವ್ಯಯ ಸಂವತ್ಸರದಲ್ಲಿ, ಮುಂಗಾರಿನ ಮೊದಲ ಮಳೆಗಳು ಕೈಕೊಟ್ಟವು. ಮಳೆಗೆ ಕಾಯುವುದು ಬೆಳವಲದ ಒಕ್ಕಲಿಗೆ ಹೊಸದೇನಲ್ಲ. ಆ ವರ್ಷ ಮಾತ್ರ ಮಳೆಯ ಕೊರತೆಯ ಬೆನ್ನಿಗೇ ಹೊಲದ ಇಲಿಗಳು ದಂಡೆದ್ದು ಬಂದವು.

ಹುಬ್ಬಳ್ಳಿಯಿಂದ ಮೂಡಲಿಗೆ ಅಣ್ಣಿಗೇರಿ, ನವಲಗುಂದ, ಗದಗಿನ ಕಡೆ ಹಾಸಿದ ನೆಲವೆಲ್ಲ ಎರೆ. ಬೇಸಿಗೆಯಲ್ಲಿ ಅದು ಬಾಯಿಬಿಡುತ್ತದೆ. ಒಂದೊಂದು ಬಿರುಕಿನಲ್ಲಿ ತೋಳು ಇಳಿಬಿಟ್ಟರೂ ತಳ ಸಿಗುವುದಿಲ್ಲ. ಮೆತ್ತನೆಯ ಕೂದಲಿನ ಈ ಸಣ್ಣ ಇಲಿ ಆಳದ ಬಿಲ ತೋಡುವ ಗೋಜಿಗೆ ಹೋಗದು. ಗಿಡದ ಬುಡ, ಹೊಲದಲ್ಲಿ ಆರಿಸಿ ಹಾಕಿದ ಕಲ್ಲುಗುಂಪೆ, ಬೇರೆ ಜಾತಿಯ ಇಲಿ ಬಿಟ್ಟುಹೋದ ಬಿಲ, ಏನೂ ಇಲ್ಲವೆಂದರೆ ಬಿರಿದ ಎರೆ, ಇಷ್ಟು ಸಾಕು ಅದರ ಸಂಸಾರಕ್ಕೆ. ಒಂದು ಸೂಲಿಗೆ ಆರೆಂಟು ಮರಿ. ಮುಂಗಾರಿನ ಮೊದಲ ಜೋರುಮಳೆಗೆ ಮಣ್ಣು ಕುಸಿದು ಬಿರುಕುಗಳು ಮುಚ್ಚಿಕೊಂಡಾಗ ಒಳಗಿದ್ದವು ಲೆಕ್ಕವಿಲ್ಲದಷ್ಟು ಅಲ್ಲಿಯೇ ಹೂತುಹೋಗುತ್ತಿದ್ದವು. ವರ್ಷವರ್ಷವೂ ನಡೆಯುತ್ತಿದ್ದ ಆ ಸಂಹಾರ 1826ರಲ್ಲಿ ನಡೆಯಲಿಲ್ಲ.

ಇದನ್ನು ಕಣ್ಣಾರೆ ಕಂಡು ಬರೆದಿಟ್ಟವನು ವಾಲ್ಟರ್ ಎಲಿಯಟ್. 1824ರಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಹತನಾದಾಗ ರಾಣಿ ಚನ್ನಮ್ಮನ ಕೈಯಲ್ಲಿ ಸೆರೆಸಿಕ್ಕು, ಮುಂದೆ ಜೀವಸಹಿತ ಬಿಡುಗಡೆಯಾದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ. ಈ ಸೀಮೆಯ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದವನೂ ಅವನೇ; ಕನ್ನಡ ನಾಡಿನ ಚರಿತ್ರೆಗೆ ಆ ಋಣ ದೊಡ್ಡದು. ಇಲ್ಲಿನ ಪ್ರಾಣಿಗಳ ಮೇಲೆ ಅವನು ಬರೆದದ್ದು 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಬಿತ್ತಿದ ಬೀಜ ಮಣ್ಣು ಸೇರಿದೊಡನೆ ಇಲಿಗಳ ಪಾಲಾಯಿತು. ಅಳಿದುಳಿದು ಬೆಳೆದ ಜೋಳ ಕಾಳುಗಟ್ಟುವ ಹೊತ್ತಿಗೆ ಅವು ದಂಟು ಹತ್ತಿದವು. ತೆನೆಯ ಕುತ್ತಿಗೆ ಕಡಿದು ನೆಲಕ್ಕೆ ಕೆಡವಿ, ಕೆಳಗಿಳಿದು ನಿರಾಳವಾಗಿ ಕಾಳು ಬಿಡಿಸಿ ತಿಂದವು. ಹೊಲಕ್ಕೆ ಹೊಲವೇ ಬರಿದಾಯಿತು. ಕಂದಾಯ ಕಟ್ಟಲು ರೈತರ ಕೈಯಲ್ಲಿ ಏನೂ ಉಳಿಯಲಿಲ್ಲ.

ರೈತರು ವಡ್ಡರ ಮೊರೆಹೊಕ್ಕರು. ಕೆರೆ ತೋಡಿ, ಮಣ್ಣು ಹೊತ್ತು ಬದುಕುತ್ತಿದ್ದ ಆ ಜನಕ್ಕೆ ನೆಲದೊಳಗಿನ ಜೀವಗಳ ನಡೆ ಬೇರೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಈ ಇಲಿಗೆ ವಿಜ್ಞಾನಿಗಳು ಇಟ್ಟ ಹೆಸರೂ ಅವರ ಮಾತಿನಿಂದಲೇ ಬಂದದ್ದು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಕೂಲಿ ಗೊತ್ತಾಯಿತು. ಬೆಳೆ ಕಳೆದುಕೊಂಡವನೇ ಮನೆಯ ಕಾಳು ಅಳೆದು ಕೊಡಬೇಕಾಗಿ ಬಂದದ್ದು ನೆನೆದರೆ ಸಂಕಟವಾಗುತ್ತದೆ. ವಡ್ಡರು ಸಾವಿರಾರು ಇಲಿಗಳನ್ನು ಕೊಂದರು. ಹೊಲದಲ್ಲಿ ಇಲಿ ಕಡಿಮೆಯಾದದ್ದು ಕಣ್ಣಿಗೆ ಕಾಣಲಿಲ್ಲವೆಂದು ಎಲಿಯಟ್ ಬರೆಯುತ್ತಾನೆ.

ವಡ್ಡರ ಕೈಗುಣದಲ್ಲಿ ಕೊರತೆ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಕೊಂದಷ್ಟಕ್ಕೂ ಮಿಗಿಲಾಗಿ ಹುಟ್ಟುತ್ತಿದ್ದವು. ಹೊಲದಲ್ಲಿ ತಿನ್ನಲು ತೆನೆ, ಅಡಗಲು ಬಿರುಕು ಎರಡೂ ಹಾಗೆಯೇ ಇದ್ದವು. ಒಬ್ಬ ರೈತ ತನ್ನ ಹೊಲ ತೊಳೆದಿಟ್ಟಂತೆ ಮಾಡಿದರೂ ಪಕ್ಕದ ಹೊಲದಿಂದ ಬರುವುದನ್ನು ತಡೆಯುವವರಾರು?

ವಡ್ಡರು ಇಲಿಯ ಮಾಂಸ ತಿನ್ನುತ್ತಿದ್ದರು. ಬಿಲ ತೋಡುವ ಇನ್ನೊಂದು ಜಾತಿಯ ಇಲಿ ಕೂಡಿಟ್ಟ ಧಾನ್ಯವನ್ನೂ ಅಗೆದು ತೆಗೆಯುತ್ತಿದ್ದರು. ಒಂದೊಂದು ಬಿಲದಲ್ಲಿ ಅರ್ಧ ಸೇರಿನವರೆಗೆ ಕಾಳು, ಇಡಿಯ ಜೋಳದ ತೆನೆಗಳೂ ಸಿಗುತ್ತಿದ್ದವು. ಕೆಲವೊಮ್ಮೆ ದಿನಗಟ್ಟಲೆ ಅದರ ಮೇಲೆಯೇ ಅವರ ಜೀವನ. ನಾಡಿನ ಕೆರೆಗಳನ್ನು ಕಟ್ಟಿದ ಕೈಗಳಿಗೆ ದಕ್ಕಿದ್ದು ಇಷ್ಟು.

ಅರ್ಧ ಶತಮಾನ ಕಳೆಯಿತು. ಧಾತು, ಈಶ್ವರ ಸಂವತ್ಸರಗಳ ಘೋರ ಬರ ಮುಗಿದು, ಬದುಕುಳಿದವರು 1878ರಲ್ಲಿ ಮತ್ತೆ ಕೂರಿಗೆ ಹೂಡಿದಾಗ ದಖನ್ನಿನ ಬಯಲಿನಲ್ಲಿ ಇಲಿಗಳ ದಂಡು ಮತ್ತೆ ಎದ್ದಿತು. ಈ ಸಲ ಸತ್ತ ಇಲಿಗೆ ಸರಕಾರವೇ ಬಹುಮಾನ ಸಾರಿತು. ಕಾಳಿನ ಕೂಲಿ ಹೋಗಿ ರೊಕ್ಕದ ಕೂಲಿ ಬಂತು, ಕೊಲ್ಲುವ ದಾರಿ ಹಳೆಯದೇ. ಬರದಲ್ಲಿ ಮನೆಮಂದಿಯನ್ನು ಕಳೆದುಕೊಂಡ ಊರುಗಳು 1879ರ ಸುಗ್ಗಿಯಲ್ಲಿ ತೆನೆಯಿಲ್ಲದ ದಂಟನ್ನು ಕೊಯ್ದವು.