ದಾರಿ ಬರೆಯದ ರಹದಾರಿ

ಕಾಡಿನಲ್ಲಿ ಬೆಂಕಿ ಹೊತ್ತಿಸಕೂಡದು. ಊರಿನಲ್ಲಿ ಬೆಂಕಿ ಬಿದ್ದರೆ ಕುದುರೆಯೇರಿ ನೋಡಲು ಹೋಗಕೂಡದು. ಹೊಲಗದ್ದೆಗಳಿಗೆ ನುಗ್ಗಕೂಡದು. ದೇವಾಲಯದ ಗೋಡೆಗಳ ಮೇಲೆ ಗೀಚಕೂಡದು. ಇಕ್ಕಟ್ಟಾದ ದಾರಿಯಲ್ಲಿ ಗಾಡಿಯನ್ನು ವೇಗವಾಗಿ ಓಡಿಸಕೂಡದು. ಬೇಟೆಯಾಡಕೂಡದು, ವ್ಯಾಪಾರದ ಕರಾರು ಮಾಡಿಕೊಳ್ಳಕೂಡದು. 1878ರಲ್ಲಿ ಜಪಾನಿನ ಒಳನಾಡಿಗೆ ಹೊರಡುವ ವಿದೇಶೀಯನಿಗೆ ಕೊಡುತ್ತಿದ್ದ ರಹದಾರಿಯ ಷರತ್ತುಗಳಿವು. ಸರ್ಕಾರಿ ಕಡತಗಳ ನಡುವೆ ಎರಡು ದಶಕ ಕಳೆದ ನನಗೆ ಇಂಥ ಪಟ್ಟಿಯನ್ನು ಓದಿದಾಗ ಒಂದು ಅನುಮಾನ ಸಹಜವಾಗಿ ಬರುತ್ತದೆ: ಪ್ರತಿಯೊಂದು ‘ಕೂಡದು’ವಿನ ಹಿಂದೆಯೂ ಹಾಗೆ ಮಾಡಿದ ಮಹಾನುಭಾವನೊಬ್ಬ ಇದ್ದಿರಬೇಕು.

ಇಂದು ಜಪಾನಿಗೆ ಹೋಗಿ ಬಂದವರು ಹೇಳುವ ಕಥೆಗಳಿಗೆ ಒಂದು ಸಿದ್ಧ ರೂಪವಿದೆ. ಯಾವ ಯೋಜನೆಯೂ ಇಲ್ಲದೆ ಒಬ್ಬನೇ ಹೊರಟೆ, ದಾರಿ ತಪ್ಪಿದೆ, ಭಾಷೆ ಬಾರದ ಅಜ್ಜಿಯೊಬ್ಬರು ಕೈಹಿಡಿದು ನಿಲ್ದಾಣದವರೆಗೆ ಬಂದು ಬಿಟ್ಟುಹೋದರು ಎಂಬಂಥದು. ಕಥೆ ಸುಳ್ಳಲ್ಲ. ಆದರೆ ಅದಕ್ಕೊಂದು ಮೂಲಮಾತೃಕೆಯಿದೆ. ಇಂಗ್ಲಿಷ್ ಬಲ್ಲ ಜಗತ್ತಿಗೆ ಈ ಮಾದರಿಯನ್ನು ಕೊಟ್ಟವರಲ್ಲಿ ಮುಖ್ಯಳಾದವಳು ಇಸಾಬೆಲ್ಲಾ ಬರ್ಡ್. 1831ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿದ, ಬೆನ್ನುಮೂಳೆಯ ಬೇನೆಯಿಂದ ಬಾಲ್ಯದಿಂದಲೂ ನರಳಿದ ಈ ಮಹಿಳೆ 1878ರ ಮೇ ತಿಂಗಳಲ್ಲಿ ಯೊಕೊಹಾಮಾ ಬಂದರಿನಲ್ಲಿ ಇಳಿದಾಗ ಆಕೆಗೆ ನಲವತ್ತಾರು ವರ್ಷ. ತಂಗಿ ಹೆನ್ರಿಯೆಟ್ಟಾಳಿಗೆ ಬರೆದ ಪತ್ರಗಳ ರೂಪದಲ್ಲಿ ಆ ಪ್ರವಾಸದ ಕಥನ 1880ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು.

ಆಕೆ ಎಷ್ಟರಮಟ್ಟಿಗೆ ಒಂಟಿಯಾಗಿದ್ದಳು, ಆಕೆಯ ಪ್ರವಾಸ ಎಷ್ಟರಮಟ್ಟಿಗೆ ಯೋಜನೆಯಿಲ್ಲದ್ದಾಗಿತ್ತು ಎಂದು ಕೇಳಿಕೊಂಡರೆ ವಿಷಯ ಸ್ವಾರಸ್ಯವಾಗುತ್ತದೆ.

ಮೊದಲು ಆ ರಹದಾರಿಯ ಹಿನ್ನೆಲೆ. 1858ರ ಒಪ್ಪಂದಗಳ ಪ್ರಕಾರ ವಿದೇಶೀಯರು ಕೆಲವೇ ಬಂದರು ಪಟ್ಟಣಗಳಲ್ಲಿ ವಾಸಿಸಬಹುದಾಗಿತ್ತು; ಅಲ್ಲಿಂದ ಸುಮಾರು ಹತ್ತು ‘ರಿ’, ಎಂದರೆ ನಲವತ್ತು ಕಿಲೋಮೀಟರಿನಾಚೆ ಕಾಲಿಡಬೇಕಾದರೆ ಅನುಮತಿ ಬೇಕಾಗಿತ್ತು. ಇದು ಬರಿಯ ಸಂಕುಚಿತ ಬುದ್ಧಿಯಲ್ಲ. ಅವೇ ಒಪ್ಪಂದಗಳ ಪ್ರಕಾರ ತಪ್ಪು ಮಾಡಿದ ವಿದೇಶೀಯನನ್ನು ಜಪಾನಿನ ನ್ಯಾಯಾಲಯ ವಿಚಾರಿಸುವಂತಿರಲಿಲ್ಲ. ಅವನನ್ನು ಅವನ ದೇಶದ ಕಾನ್ಸಲನೇ ವಿಚಾರಿಸಬೇಕಾಗಿತ್ತು. ನಮ್ಮ ಕಾನೂನಿಗೆ ತಲೆಬಾಗದವನಿಗೆ ನಮ್ಮ ಹಳ್ಳಿಗಳನ್ನೇಕೆ ತೆರೆಯಬೇಕು ಎಂಬುದು ಜಪಾನ್ ಸರ್ಕಾರದ ಪಟ್ಟು. ಅನುಮತಿ ಬೇಡುವವರು ಕಾರಣ ತೋರಿಸಬೇಕಿತ್ತು. ಆರೋಗ್ಯ, ಸಸ್ಯಶೋಧನೆ, ವೈಜ್ಞಾನಿಕ ಅಧ್ಯಯನ ಇವು ಒಪ್ಪಿತವಾದ ಕಾರಣಗಳು. ಸುಮ್ಮನೆ ನೋಡಿಬರುವ ಆಸೆ ಆ ಪಟ್ಟಿಯಲ್ಲಿರಲಿಲ್ಲ. ಹೋಗುವ ಮಾರ್ಗವನ್ನೂ ನಮೂದಿಸಬೇಕಿತ್ತು. ಮುಂಬಯಿ ಪ್ರಾಂತ್ಯದಲ್ಲಿ ಇಂಜಿನಿಯರರಾಗಿದ್ದ ನಮ್ಮ ವಿಶ್ವೇಶ್ವರಯ್ಯನವರು ಜಪಾನ್ ನೋಡಿಬಂದದ್ದು 1898ರಲ್ಲಿ. ಆಗಲೂ ಈ ವ್ಯವಸ್ಥೆ ಮುಗಿದಿರಲಿಲ್ಲ.

ಜಪಾನೀಯರಿಗೂ ಈ ಕಾಗದದ ಕಾಟ ಹೊಸದಲ್ಲ. ಬಹುಕಾಲ ಅವರೂ ತಮ್ಮದೇ ನಾಡಿನ ಹೆದ್ದಾರಿಗಳ ತಪಾಸಣಾ ಕಟ್ಟೆಗಳಲ್ಲಿ ಪತ್ರ ತೋರಿಸಿ ನಡೆದವರು. 1689ರಲ್ಲಿ ಉತ್ತರಕ್ಕೆ ಹೊರಟ ಕವಿ ಬಾಶೊನನ್ನೂ ಶಿತೊಮಾಯೆಯ ಕಟ್ಟೆಯ ಕಾವಲುಗಾರರು ಅನುಮಾನದಿಂದಲೇ ನೋಡಿದರು. ಆ ಕಟ್ಟೆಗಳು ರದ್ದಾದದ್ದು 1869ರಲ್ಲಿ, ಬರ್ಡ್ ಬರುವುದಕ್ಕೆ ಒಂಬತ್ತೇ ವರ್ಷ ಮೊದಲು.

ಈ ಹಿನ್ನೆಲೆಯಲ್ಲಿ ಬ್ರಿಟಿಷ್ ರಾಯಭಾರಿ ಸರ್ ಹ್ಯಾರಿ ಪಾರ್ಕ್ಸ್ ಆಕೆಗೆ ದೊರಕಿಸಿಕೊಟ್ಟ ಕಾಗದ ಅಪೂರ್ವವಾದದ್ದು. ಟೋಕಿಯೋದಿಂದ ಉತ್ತರಕ್ಕೆ ಎಲ್ಲಿ ಬೇಕಾದರೂ, ಏಜೊ ದ್ವೀಪದಲ್ಲೂ (ಇಂದಿನ ಹೊಕ್ಕೈಡೊ) ಹೋಗಬಹುದು, ಮಾರ್ಗ ನಮೂದಿಸಬೇಕಾಗಿಲ್ಲ. ದಾರಿಯ ಒಂದು ಭಾಗದ ಬಗ್ಗೆ ಸಾಕಷ್ಟು ಮಾಹಿತಿಯೇ ಇಲ್ಲವೆಂಬ ಮಾತು ಬಂದಾಗ, ಹೋಗುತ್ತ ಹೋಗುತ್ತ ತಿಳಿದುಕೊಳ್ಳಿ, ಅದೇ ಹೆಚ್ಚು ರಂಜಕ ಎಂದು ಪಾರ್ಕ್ಸ್ ನಕ್ಕರಂತೆ. ಯೋಜನೆಯಿಲ್ಲದ ಪ್ರವಾಸವೆಂಬ ಆ ಸ್ವಾತಂತ್ರ್ಯ ಮೇಲಿನಿಂದ ಮಂಜೂರಾಗಿ ಬಂದದ್ದು! ಕ್ಯೋಟೋದ ಭೂಗೋಳ ವಿದ್ವಾಂಸ ಕಾನಾಸಾಕಾ ಕಿಯೊನೊರಿಯವರಂತೂ ಈ ಪ್ರವಾಸ ಪಾರ್ಕ್ಸ್‌ರ ಬೆಂಬಲದಿಂದ ಚೆನ್ನಾಗಿ ಸಿದ್ಧಪಡಿಸಿದ್ದೇ ಆಗಿತ್ತೆಂದು ವಾದಿಸಿದ್ದಾರೆ. ಹಳ್ಳಿಹಳ್ಳಿಯಲ್ಲೂ ನಿಗದಿತ ದರಕ್ಕೆ ಕುದುರೆ, ಆಳುಗಳನ್ನು ಒದಗಿಸುವ ‘ರಿಕುಉನ್ ಕೈಶಾ’ ಎಂಬ ಸಾರಿಗೆ ಸಂಸ್ಥೆಯೂ ಆಗಲೇ ಇತ್ತು.

ಜತೆಗೆ ಇತೊ ಇದ್ದ. ಹದಿನೆಂಟರ ಪ್ರಾಯದ, ಐದಡಿಯೂ ಎತ್ತರವಿಲ್ಲದ ಇತೊ ತ್ಸುರುಕಿಚಿ ದುಭಾಷಿಯ ಕೆಲಸ ಕೇಳಿಕೊಂಡು ಬಂದಾಗ ಅವನ ಬಳಿ ಒಂದೇ ಒಂದು ಶಿಫಾರಸು ಪತ್ರವಿರಲಿಲ್ಲ. ಮನೆಗೆ ಬೆಂಕಿ ಬಿದ್ದು ಸುಟ್ಟುಹೋದವೆಂದ. ಆಕೆಗೆ ಅವನ ಮೇಲೆ ವಿಶ್ವಾಸ ಹುಟ್ಟಲಿಲ್ಲ. ಆದರೂ ಅವನ ಇಂಗ್ಲಿಷ್ ಆಕೆಗೆ, ಆಕೆಯದು ಅವನಿಗೆ ಅರ್ಥವಾಗುತ್ತಿತ್ತು. ತಿಂಗಳಿಗೆ ಹನ್ನೆರಡು ಡಾಲರಿಗೆ ಗೊತ್ತುಮಾಡಿಕೊಂಡಳು. ಲೆಕ್ಕದಲ್ಲಿ ಅವನು ಒಂದಿಷ್ಟು ಮಿಗಿಸಿಕೊಳ್ಳುತ್ತಿದ್ದುದು ಆಕೆಗೆ ಗೊತ್ತಿತ್ತು. ಹೊಸ ಇಂಗ್ಲಿಷ್ ಪದ ಕಿವಿಗೆ ಬಿದ್ದೊಡನೆ ಪುಸ್ತಕದಲ್ಲಿ ಬರೆದಿಟ್ಟು, ಇದು ಸಭ್ಯರ ಮಾತೋ ಬೀದಿ ಮಾತೋ ಎಂದು ಸಂಜೆ ಆಕೆಯನ್ನು ಕೇಳುತ್ತಿದ್ದ. ನಾವಿಕರ ಬಾಯಿಂದ ಕಲಿತ ಬೈಗುಳ ಬೆರೆತ ವಿಶೇಷಣಗಳನ್ನು ಬಿಡಿಸಿ, ಹವೆಯನ್ನು ಸಭ್ಯವಾಗಿ ಹೊಗಳುವುದನ್ನು ಆಕೆ ಕಲಿಸಿದಳು. ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ಆಪ್ತವಾದ ಪಾತ್ರ ಈ ಹುಡುಗನದೇ. ಹಕೊದಾತೆಯಲ್ಲಿ, ಅವನು ಸಸ್ಯಸಂಗ್ರಾಹಕ ಚಾರ್ಲ್ಸ್ ಮೇರೀಸನ ಕರಾರು ಮುರಿದು ತನ್ನ ಬಳಿ ಬಂದವನೆಂಬುದು ಬಯಲಾಯಿತು. ಆಕೆ ಅವನನ್ನು ಹಿಂದಿರುಗಿಸಬೇಕಾಯಿತು. ಬೀಳ್ಕೊಡುವಾಗ ಮರುಗಿದ್ದು ಆಕೆಯೇ.

ಇಷ್ಟೆಲ್ಲ ಆಸರೆಯಿದ್ದೂ ದಾರಿಯ ಸ್ನೇಹಗಳು ಹುಸಿಯೆನ್ನಲಾಗದು. ಜೂನ್ 10ರಂದು ಟೋಕಿಯೋ ಬಿಟ್ಟ ಮೊದಲ ರಾತ್ರಿ ಕಾಸುಕಾಬೆಯ ತಂಗುದಾಣದಲ್ಲಿ ಕಾಗದದ ಬಾಗಿಲುಗಳ ತೂತುಗಳಲ್ಲೆಲ್ಲ ಕಣ್ಣುಗಳು. ಆಕೆ ಭಯದಿಂದ ನಡುಗಿದಳು. ಸಾವಿರದ ಇನ್ನೂರು ಮೈಲಿ ತಿರುಗಿದ ಮೇಲೆ ಆ ಭಯಕ್ಕೆ ಆಧಾರವೇ ಇರಲಿಲ್ಲವೆಂದೂ, ಹೆಂಗಸೊಬ್ಬಳು ಇಷ್ಟು ನಿರ್ಭಯವಾಗಿ ತಿರುಗಬಹುದಾದ ದೇಶ ಬೇರೊಂದಿಲ್ಲವೆಂದೂ ಒಪ್ಪಿಕೊಂಡಳು. ನಿಕ್ಕೊವರೆಗೆ ಗಾಡಿ ಎಳೆದ ಆಳುಗಳು ಬೀಳ್ಕೊಳ್ಳುವಾಗ ಬೆಟ್ಟದಿಂದ ಅಜೇಲಿಯಾ ಹೂವಿನ ಕೊಂಬೆಗಳನ್ನು ಮುರಿದು ತಂದರು. ಇನ್ನೊಂದೆಡೆ ಸಾಮಾನಿನ ಪಟ್ಟಿಯೊಂದು ಕಳೆದುಹೋಯಿತು. ಕುದುರೆಯವನು ಕತ್ತಲಾದ ಮೇಲೆ ನಾಲ್ಕು ಕಿಲೋಮೀಟರು ಹಿಂದಕ್ಕೆ ಹೋಗಿ ಹುಡುಕಿದ. ಕೊಟ್ಟ ಕಾಸನ್ನು ಮುಟ್ಟಲಿಲ್ಲ. ಎಲ್ಲವನ್ನೂ ಸರಿಯಾಗಿ ತಲಪಿಸುವುದು ತನ್ನ ಹೊಣೆ ಎಂದ.

ತೆನೊಕೊ ಎಂಬ ಊರಿನದು ಇನ್ನೂ ಸೊಗಸು. ಬಿಸಿಲಿಗೆ ಬಸವಳಿದ ಆಕೆಯನ್ನು ಕಂಡು ಮನೆಯ ಹೆಂಗಸರು ಬೀಸಣಿಗೆ ತಂದು ಒಂದು ತಾಸು ಗಾಳಿ ಹಾಕಿದರು. ಹಣವೆಷ್ಟೆಂದರೆ ಏನೂ ಬೇಡವೆಂದರು. ಮೇಲಾಗಿ ಸಿಹಿತಿಂಡಿಯ ಪೊಟ್ಟಣ ಕೊಟ್ಟರು. ಮನೆಯಾತ ಬೀಸಣಿಗೆಯ ಮೇಲೆ ತನ್ನ ಹೆಸರು ಬರೆದು ಕಾಣಿಕೆಯಿತ್ತ. ಆಕೆಯ ಬಳಿ ತಿರುಗಿ ಕೊಡಲು ಇದ್ದದ್ದು ಕೆಲವು ಗುಂಡುಸೂಜಿಗಳು ಮಾತ್ರ. ಅಂಥದನ್ನು ಎಂದೂ ಕಾಣದ ಜನ ಅವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸದ ಹಿರಿಯರನ್ನು ಕಂಡ ನಮಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ನೋಡುವವಳು ಆಕೆ ಮಾತ್ರವಲ್ಲ, ಆಕೆಯೇ ಅವರಿಗೆ ನೋಟವೂ ಆಗಿದ್ದಳು. ಯುಜಾವಾದಲ್ಲಿ ಆಕೆಯನ್ನು ನೋಡಲು ಛಾವಣಿಯೇರಿದ ಐವತ್ತು ಮಂದಿಯ ಭಾರಕ್ಕೆ ಛಾವಣಿಯೇ ಕುಸಿಯಿತು. ದೈವವಶಾತ್ ಯಾರಿಗೂ ಹೆಚ್ಚು ಪೆಟ್ಟಾಗಲಿಲ್ಲ. ಪೊಲೀಸರು ಬಂದು ಕೇಳಿದ್ದು ಏನನ್ನು? ರಹದಾರಿಯನ್ನು.

ಆದರೆ ಓದುತ್ತ ಓದುತ್ತ ನಾನು ನಿಂತುಬಿಡುವುದು ಬಿರಾತೊರಿಯಲ್ಲಿ. ಹೊಕ್ಕೈಡೊದ ಮೂಲನಿವಾಸಿಗಳಾದ ಐನು ಜನರ ಹಳ್ಳಿ ಅದು. ಮುಖ್ಯಸ್ಥ ಪೆನ್ರಿಯ ಹುಲ್ಲಿನ ಮನೆಯಲ್ಲಿ ಆಕೆಗೆ ಅತಿಥಿಯ ಗೌರವ ದೊರೆಯಿತು. ಅವರೊಡನೆ ಸಭ್ಯವಾಗಿ ನಡೆದುಕೊ ಎಂದು ಆಕೆ ಹೇಳಿದಾಗ, ಐನುಗಳು ಮನುಷ್ಯರಲ್ಲ, ನಾಯಿಗಳು ಎಂದವನು ನಮ್ಮ ಪ್ರೀತಿಯ ಇತೊ. ಅಂಥವನ ಬಾಯಿಂದಲೇ ಮಾತು ಇಂಗ್ಲಿಷಿನಿಂದ ಜಪಾನಿಗೆ, ಅಲ್ಲಿಂದ ಐನು ಭಾಷೆಗೆ ಸಾಗಬೇಕು. ರಾತ್ರಿ ಒಲೆಯ ಸುತ್ತ ಕುಳಿತು ಅವರು ದೇವರು, ಮದುವೆ, ಸಾವುಗಳ ಬಗ್ಗೆ ಹೇಳಿದರು. ಆಕೆ ರೋಗಿಗಳಿಗೆ ಔಷಧ ಕೊಟ್ಟಳು. ಕೊನೆಗೆ ಅವರು ಒಂದನ್ನು ಬೇಡಿಕೊಂಡರು: ನಮ್ಮ ಆಚಾರಗಳನ್ನು ನಿಮಗೆ ಹೇಳಿದೆವೆಂದು ಜಪಾನ್ ಸರ್ಕಾರಕ್ಕೆ ತಿಳಿಸಬೇಡಿ, ನಮಗೆ ಕೇಡಾದೀತು.

ಆ ಆಚಾರಗಳು 1880ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಹೇಳಬೇಡಿ ಎಂದು ಕೇಳಿಕೊಂಡದ್ದೂ ಊರಿನ ಹೆಸರಿನ ಸಹಿತ ಅಚ್ಚಾಯಿತು. ಬರ್ಡ್ ಕೆಟ್ಟ ಮನಸ್ಸಿನವಳಲ್ಲ; ಐನುಗಳ ಸೌಜನ್ಯವನ್ನು ಮನಸಾರೆ ಹೊಗಳಿದವಳು. ಆದರೂ ಒಲೆಯ ಪಕ್ಕದ ಸ್ನೇಹಕ್ಕೂ ಅಚ್ಚಿನ ಪುಟಕ್ಕೂ ನಡುವೆ ಆಕೆ ಆಯ್ದದ್ದು ಪುಟವನ್ನು. ಪ್ರವಾಸಕಥನ ಬರೆಯುವ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ ಎಂದು ಆಕೆಯ ಪರವಾಗಿ ವಾದಿಸಬಹುದು. ನನಗೆ ಆ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

1885ರಲ್ಲಿ ಪುಸ್ತಕದ ಸಂಕ್ಷಿಪ್ತ ಆವೃತ್ತಿ ಬಂತು. ಕ್ಯೋಟೋ, ಇಸೆಗಳ ಪ್ರವಾಸ, ಮಿಷನರಿಗಳ ಸಂಗತಿಗಳು, ಅಂಕಿಅಂಶಗಳು ಎಲ್ಲವೂ ಕತ್ತರಿಗೆ ಸಿಕ್ಕು, ಕಾಡುದಾರಿಯ ಒಂಟಿ ಮಹಿಳೆ ಮಾತ್ರ ಉಳಿದಳು. ಹೆಚ್ಚು ಓದುಗರ ಕೈಸೇರಿದ್ದು ಈ ಆವೃತ್ತಿಯೇ. ಇತೊ ಮುಂದೆ ಹೆಸರಾಂತ ಮಾರ್ಗದರ್ಶಿಯಾಗಿ 1913ರಲ್ಲಿ ತೀರಿಕೊಂಡ. ಬರ್ಡ್ 1904ರಲ್ಲೇ ಎಡಿನ್‌ಬರೋದಲ್ಲಿ ತೀರಿಕೊಂಡಿದ್ದಳು.

ಹೊಸ ಒಪ್ಪಂದಗಳು 1899ರ ಜುಲೈಯಲ್ಲಿ ಜಾರಿಗೆ ಬಂದವು. ವಿದೇಶೀಯರು ಜಪಾನಿನ ಕಾನೂನಿಗೆ ಒಳಪಟ್ಟರು. ಒಳನಾಡು ತೆರೆಯಿತು, ರಹದಾರಿ ಹೋಯಿತು. ಅದೇ ವರ್ಷದ ಮಾರ್ಚಿಯಲ್ಲಿ ಐನುಗಳ ‘ಸಂರಕ್ಷಣೆ’ಯ ಕಾಯಿದೆ ಬಂದಿತ್ತು. ಅದು ಅವರನ್ನು ಬೇಸಾಯಗಾರರನ್ನಾಗಿಸಲು ತುಂಡು ಭೂಮಿ ಕೊಟ್ಟಿತು. ವಾರಸಿನಿಂದಲ್ಲದೆ ಆ ಭೂಮಿಯನ್ನು ಬೇರೆಯವರಿಗೆ ವರ್ಗಾಯಿಸುವಂತಿರಲಿಲ್ಲ. 1997ರವರೆಗೂ ಆ ಕಾಯಿದೆ ಪುಸ್ತಕದಲ್ಲಿತ್ತು. 1899ರ ಬೇಸಿಗೆಯ ಹೊತ್ತಿಗೆ ಇಂಗ್ಲೆಂಡಿನವನೊಬ್ಬ ಯಾರ ಅಪ್ಪಣೆಯೂ ಇಲ್ಲದೆ ಬಿರಾತೊರಿಗೆ ಹೋಗಿ ಬರಬಹುದಾಗಿತ್ತು.