ಋಣ ಹರಿಯದೆ ನೆಲ ನಿಲ್ಲದು

ಜಮೀನಿನ ಪಹಣಿಯನ್ನು ಬಿಡಿಸಿ ನೋಡಿದವರಿಗೆ ಅದರ ಎರಡು ಕಲಮುಗಳು ಗೊತ್ತಿರುತ್ತವೆ. ಒಂಬತ್ತನೆಯದರಲ್ಲಿ ಒಡೆಯನ ಹೆಸರು. ಹನ್ನೊಂದನೆಯದರಲ್ಲಿ ಆ ನೆಲದ ಮೇಲಿರುವ ಹಕ್ಕುಗಳು ಮತ್ತು ಋಣಗಳು. ಜಮೀನು ಕೊಳ್ಳ ಹೊರಟವರು ಉಪನೋಂದಣಿ ಕಚೇರಿಯಲ್ಲಿ ಕೇಳಿ ಪಡೆಯುವ ಕಾಗದಕ್ಕೂ ‘ಋಣಭಾರ ಪ್ರಮಾಣಪತ್ರ’ ಎಂದೇ ಹೆಸರು. ಒಡೆತನದ ಮಗ್ಗುಲಲ್ಲೇ ಸಾಲವನ್ನೂ ಬರೆದಿಡುವ ಈ ರೂಢಿ ಸುಮ್ಮನೆ ಬಂದುದಲ್ಲ. ‘ಮೊದಲು ಸಾಲ ತೀರಿಸು, ಆಮೇಲೆ ನೆಲದ ಮಾತು’ ಎಂದು ಹಿರಿಯರು ಹೇಳುವ ಬುದ್ಧಿಮಾತಿಗೆ ಕಾರವಾರ, ಅಂಕೋಲೆಗಳಂಥ ಸೀಮೆಯಲ್ಲಿ ದೀರ್ಘವಾದ ಇತಿಹಾಸವೇ ಇದೆ.

ಕಡಲ ತಡಿಯಿಂದ ಕಾಳಿ ನದಿಯ ಗುಂಟ ಕದ್ರಾ, ಕೈಗಾದವರೆಗೆ ಏರುತ್ತ ಹೋಗುವ ಈ ನಾಡಿನಲ್ಲಿ ಉಳುವ ನೆಲ ಕಡಿಮೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಡು; ನಡುವೆ ಭತ್ತದ ಗದ್ದೆ, ಅಲ್ಲಲ್ಲಿ ತೋಟ. ಟಿಪ್ಪುವಿನ ಪತನದ ನಂತರ 1799ರಲ್ಲಿ ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಇಲ್ಲಿ ನೆಲವು ಖಾಸಗಿ ಸ್ವತ್ತಾಗಿ ಮಾರಾಟವಾಗುವುದನ್ನೂ ಅಡವು ಬೀಳುವುದನ್ನೂ ಗಮನಿಸಿ ಮೇಲಿನವರಿಗೆ ವರದಿ ಮಾಡಿದ. 1862ರಲ್ಲಿ ಉತ್ತರ ಕೆನರಾ ಮದರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿತು. ಸರಕಾರ ಬದಲಾದರೂ ಗದ್ದೆಯ ವ್ಯವಸ್ಥೆ ಬದಲಾಗಲಿಲ್ಲ. ಗೇಣಿ ಎಂದೆಂದಿಗೂ ಒಂದೇ ಆಗಿರುವ ಮೂಲಗೇಣಿದಾರರು ಕೆಲವರು. ಒಡೆಯ ಬೇಡವೆಂದಾಗ ಏಳಬೇಕಾದ ಚಾಲಗೇಣಿಯ ಒಕ್ಕಲುಗಳೇ ಬಹಳ.

ಈ ಒಕ್ಕಲು ಸಾಲಕ್ಕೆ ಬೀಳುತ್ತಿದ್ದ ಬಗೆ ಸರಳ. ಮಳೆಗಾಲದಲ್ಲಿ ಕಣಜ ಬರಿದಾಗುತ್ತದೆ. ಊಟಕ್ಕೆ ಅಕ್ಕಿ ಬೇಕು, ಬಿತ್ತಲು ಬೀಜ ಬೇಕು. ಮನೆಯಲ್ಲಿ ಮದುವೆ ಬಂದರೆ ಹಣ ಬೇಕು. ಕೊಡುವವನು ಎಷ್ಟೋ ಸಲ ಗದ್ದೆಯ ಒಡೆಯನೇ. ಭತ್ತದ ಬೆಲೆ ಏರಿದ ಕಾಲದಲ್ಲಿ ತಂದ ಸಾಲವನ್ನು, ಬೆಲೆ ಇಳಿದ ಸುಗ್ಗಿಯ ಕಾಲದಲ್ಲಿ ಭತ್ತದಿಂದಲೇ ತೀರಿಸಬೇಕು. ಅಳೆದು ಉಳಿದ ಗೇಣಿಯ ಬಾಕಿಯೂ ಸಾಲದ ಲೆಕ್ಕಕ್ಕೇ ಸೇರಿ ಅದಕ್ಕೂ ಬಡ್ಡಿ ಬೆಳೆಯುತ್ತದೆ. ಹೀಗೆ ಬಾಕಿ ಉಳಿಸಿಕೊಂಡ ಒಕ್ಕಲು ಗೇಣಿ ಹೆಚ್ಚಾಯಿತೆಂದು ದನಿ ಎತ್ತಲಾರ, ಬೇರೆ ಒಡೆಯನ ಬಳಿಗೂ ಹೋಗಲಾರ. ಅವನನ್ನು ಕಟ್ಟಿಹಾಕಿದ್ದು ಗೇಣಿಗಿಂತಲೂ ಹೆಚ್ಚಾಗಿ ಸಾಲ.

ಇದು ಕೆನರಾ ಒಂದರದೇ ಕಥೆಯಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅವರು ಹುಡುಕಿದ್ದು ಚಿನ್ನವನ್ನಲ್ಲ, ಕಾಗದವನ್ನು. ಅದರ ಫಲವಾಗಿ 1879ರಲ್ಲಿ ದಖ್ಖನದ ನಾಲ್ಕು ಜಿಲ್ಲೆಗಳಿಗೆ ರೈತರ ಪರಿಹಾರ ಕಾಯಿದೆ ಬಂದಿತು. ಸಾಲದ ಪತ್ರದಲ್ಲಿ ಬರೆದುದನ್ನೇ ನಂಬದೆ, ಅದರ ಹಿಂದಿನ ಲೆಕ್ಕವನ್ನೂ ಕೆದಕಿ ನೋಡುವ ಅಧಿಕಾರ ನ್ಯಾಯಾಲಯಕ್ಕೆ ದೊರೆಯಿತು.

ಅಂಕೋಲೆಯಲ್ಲಿ ಒಕ್ಕಲುಗಳ ದನಿ ಸಂಘಟಿತವಾಗಿ ಕೇಳಿಬಂದದ್ದು 1930ರ ದಶಕದ ಕೊನೆಗೆ. ಮುಂದೆ ಚುಟುಕುಗಳಿಂದ ಮನೆಮಾತಾದ ದಿನಕರ ದೇಸಾಯಿಯವರು ಆಗ ರೈತರನ್ನು ಕಟ್ಟಿ ಹೋರಾಟಕ್ಕೆ ನಿಂತರು. 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಲಾಯಿತು. ಐದು ವರ್ಷ ಅವರು ತಮ್ಮ ಊರಿಗೇ ಬರುವಂತಿರಲಿಲ್ಲ. ಇತ್ತ ಮುಂಬಯಿ ಸರಕಾರ 1939ರಲ್ಲಿ ಎರಡು ಕಾಯಿದೆಗಳನ್ನು ಮಾಡಿತು. ಒಂದು ಗೇಣಿದಾರರ ರಕ್ಷಣೆಗೆ, ಇನ್ನೊಂದು ಕೃಷಿಕರ ಸಾಲ ಪರಿಹಾರಕ್ಕೆ. ಎರಡೂ ಎಲ್ಲ ಕಡೆ ಒಮ್ಮೆಗೇ ಜಾರಿಗೆ ಬರಲಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಮತ್ತೆ ಅದೇ ಜೋಡಿ: 1947ರಲ್ಲಿ ಸಾಲ ಪರಿಹಾರದ ಹೊಸ ಕಾಯಿದೆ, 1948ರಲ್ಲಿ ಹೊಸ ಗೇಣಿ ಕಾಯಿದೆ. ಮೊದಲನೆಯದರಲ್ಲಿ ಒಂದು ಮಾರ್ಮಿಕವಾದ ಅಂಶವಿತ್ತು. ಕ್ರಯಪತ್ರವೆಂದು ಬರೆಸಿಕೊಂಡದ್ದು ನಿಜವಾಗಿ ಸಾಲಕ್ಕಾಗಿ ಮಾಡಿದ ಅಡವೇ ಆಗಿದ್ದರೆ, ಅದನ್ನು ಅಡವೆಂದೇ ಸಾರುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡಲಾಗಿತ್ತು. ಅಂದರೆ ಸಾಲದ ದಾರಿಯಿಂದ ಕೈತಪ್ಪಿದ ನೆಲ ಮರಳಿ ಬರಲು ಒಂದು ಬಾಗಿಲು ತೆರೆಯಿತು.

ಆದರೆ ನೆಲದ ಒಡೆತನ ಮಾತ್ರ ಇನ್ನೂ ದೂರವಿತ್ತು. ಮುಂಬಯಿ ರಾಜ್ಯ 1957ರ ಏಪ್ರಿಲ್ 1ನ್ನು ‘ಉಳುವವನ ದಿನ’ವೆಂದು ಗೊತ್ತುಮಾಡಿ, ಅಂದಿನಿಂದ ಗೇಣಿದಾರನೇ ಭೂಮಿಯನ್ನು ಕೊಂಡಂತೆ ಎಂದು ಕಾಯಿದೆಯನ್ನು ತಿದ್ದಿತು. ಅದಕ್ಕೆ ಐದು ತಿಂಗಳ ಮುಂಚೆ, 1956ರ ನವೆಂಬರ್ 1ರಂದು, ಉತ್ತರ ಕನ್ನಡ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ಸರಕಾರ ಆ ಕಲಮುಗಳನ್ನು ತಡೆಹಿಡಿಯಿತು. ಭಾಷೆಯ ಮನೆಗೆ ಬಂದ ಸಂತೋಷದ ಜೊತೆಗೇ ಅಂಕೋಲೆಯ ಒಕ್ಕಲು ಇನ್ನೂ 17 ವರ್ಷ ಕಾಯಬೇಕಾಯಿತು.

1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ, ಗೇಣಿಯ ಜಮೀನುಗಳೆಲ್ಲ ಸರಕಾರದ ವಶಕ್ಕೆ ಬಂದವು. ಉಳುವವರು ಏಳನೆಯ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಕೊಟ್ಟು, ಗೊತ್ತಾದ ಮೊಬಲಗನ್ನು ಕಂತುಗಳಲ್ಲಿ ಕಟ್ಟಿ ಒಡೆಯರಾಗಬಹುದಾಯಿತು. ಗೇಣಿಯನ್ನೇ ನಂಬಿದ್ದ ಸಣ್ಣ ಒಡೆಯರ ಮನೆಗಳಿಗೆ ಇದು ದೊಡ್ಡ ಪೆಟ್ಟಾಯಿತೆಂಬುದೂ ನಿಜ. ಇದರ ಬೆನ್ನಿಗೇ 1976ರಲ್ಲಿ ಕರ್ನಾಟಕ ಸಾಲ ಪರಿಹಾರ ಕಾಯಿದೆ ಬಂದು, ಸಣ್ಣ ರೈತರು, ಭೂಹೀನ ಕೂಲಿಗಳು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲ ರದ್ದಾಯಿತು. ಅಡವಿಟ್ಟ ವಸ್ತುಗಳನ್ನು ಮರಳಿಸಬೇಕಾಯಿತು. ಜೀತಪದ್ಧತಿಯೂ ಅದೇ ಕಾಲಕ್ಕೆ ದೇಶದಾದ್ಯಂತ ನಿಷಿದ್ಧವಾಯಿತು.

ಸಾಲ ರದ್ದಾಗದೆ ನೆಲ ಮಾತ್ರ ಕೈಗೆ ಬಂದಿದ್ದರೆ ಏನಾಗುತ್ತಿತ್ತು? ರಷ್ಯಾ ಇದಕ್ಕೆ ಉದಾಹರಣೆ. ಅಲ್ಲಿ 1861ರಲ್ಲಿ ಜೀತದಾಳುಗಳು ಬಿಡುಗಡೆ ಹೊಂದಿದರು. ಅವರಿಗೆ ದೊರೆತ ನೆಲದ ಬೆಲೆಯನ್ನು ಸರಕಾರಕ್ಕೆ 49 ವರ್ಷ ಕಂತಿನಲ್ಲಿ ಕಟ್ಟಬೇಕಿತ್ತು. ಆ ಭಾರದಲ್ಲಿ ಹಳ್ಳಿಗಳು ಕುಸಿದವು. 1905ರ ದಂಗೆಗಳ ನಂತರ ಕಂತನ್ನೇ ಕೈಬಿಡಬೇಕಾಯಿತು. ಒಡೆಯನೆಂಬ ಹೆಸರು ಬಂದಿತ್ತು, ಆದರೆ ಒಡೆತನ ಬಂದಿರಲಿಲ್ಲ.

ನಮ್ಮ ಕಾಯಿದೆಯಲ್ಲಿ ಇದಕ್ಕೊಂದು ಕಾವಲು ಇತ್ತು. ಹೊಸದಾಗಿ ದೊರೆತ ಭೂಮಿಯನ್ನು 15 ವರ್ಷ ಮಾರುವಂತಿಲ್ಲ, ಖಾಸಗಿಯವರಿಗೆ ಅಡವಿಡುವಂತಿಲ್ಲ. ಆದರೆ ಜಮೀನಿನ ಸುಧಾರಣೆಗಾಗಿ ಸರಕಾರ, ಬ್ಯಾಂಕು ಅಥವಾ ಸಹಕಾರಿ ಸಂಘಗಳಿಂದ ಆಧಾರಸಾಲ ಪಡೆಯಬಹುದು. ಎಲ್ಲ ಸಾಲವೂ ಒಂದೇ ಅಲ್ಲವೆಂಬ ತಿಳಿವಳಿಕೆ ಈ ಕಲಮಿನಲ್ಲಿದೆ. ನೆಲವನ್ನು ಬೆಳೆಸುವ ಸಾಲ ಬೇರೆ, ನೆಲವನ್ನು ನುಂಗುವ ಸಾಲ ಬೇರೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಆರಂಭವಾದದ್ದೂ ಇದೇ ಕಾರಣಕ್ಕೆ. ಸಾಹುಕಾರನ ಬಾಗಿಲು ಮುಚ್ಚಿಸಿದರೆ ಸಾಲದು. ಮುಂದಿನ ಮಳೆಗಾಲಕ್ಕೆ ಬೇರೊಂದು ಬಾಗಿಲೂ ತೆರೆದಿರಬೇಕು.

ಗೇಣಿದಾರರು ಒಡೆಯರಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಈ ಸೀಮೆಗೆ ಇನ್ನೊಂದು ಪರೀಕ್ಷೆ ಬಂದಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕೈಗಾದಲ್ಲಿ 1989ರಲ್ಲಿ ಅಣು ವಿದ್ಯುತ್ ಸ್ಥಾವರದ ಕಟ್ಟಡ ಕೆಲಸ ಆರಂಭವಾಗಿ, 2000ದಲ್ಲಿ ಮೊದಲ ಎರಡು ಘಟಕಗಳಿಂದ ವಾಣಿಜ್ಯ ಉತ್ಪಾದನೆ ಶುರುವಾಯಿತು. ಕದ್ರಾ, ಕೊಡಸಳ್ಳಿಗಳಲ್ಲಿ ಕಾಳಿಗೆ ಅಣೆಕಟ್ಟುಗಳೆದ್ದವು. ನೆಲ ಹೋಗಿ ಪರಿಹಾರದ ಹಣ ಬಂದಿತು. ಇಲ್ಲಿಯೂ ಸಾಲಕ್ಕೇ ಮೊದಲ ಮಣೆ: ಅಡವಿರುವ ಭೂಮಿ ಸರಕಾರಕ್ಕೆ ಹೋದರೆ, ಪರಿಹಾರದಲ್ಲಿ ಅಡವು ಹಿಡಿದವನ ಹಕ್ಕು ಮೊದಲು ತೀರಬೇಕೆಂದು ಸ್ವತ್ತು ವರ್ಗಾವಣೆಯ ಕಾಯಿದೆ ಹೇಳುತ್ತದೆ. ಋಣವಿಲ್ಲದವನ ಪರಿಹಾರ ಇಡಿಯಾಗಿ ಅವನ ಕೈಗೆ ಬರುತ್ತದೆ. ಋಣವಿದ್ದವನಿಗೆ ಉಳಿದದ್ದು ಮಾತ್ರ. ಮತ್ತೆ ಒಂದು ತುಂಡು ನೆಲ ಕೊಳ್ಳಲು ಯಾರ ಕೈಲಾದೀತು ಎಂಬುದು ಈ ವ್ಯತ್ಯಾಸದಲ್ಲೇ ಅಡಗಿತ್ತು.

2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ನಿವೇಶನ, ತೋಟ ಎಂದು ಹಣ ಹೂಡಲು ಸಂಬಳದಾರರೂ ಹೊರಡುತ್ತಾರೆ. ಅವರಿಗೂ ಹಳೆಯ ಲೆಕ್ಕವೇ ಅನ್ವಯ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯ ಕೈಸಾಲ 1 ಲಕ್ಷ ರೂಪಾಯಿ ಇದ್ದರೆ ವರ್ಷಕ್ಕೆ 36,000 ರೂಪಾಯಿ ಬಡ್ಡಿ. ಅದನ್ನು ತೀರಿಸದೆ, ಕೈಯಲ್ಲಿದ್ದ 1 ಲಕ್ಷವನ್ನು ನಿವೇಶನಕ್ಕೆ ಹಾಕಿದವನಿಗೆ ಆ ನೆಲದ ಬೆಲೆ ವರ್ಷವೂ ನೂರಕ್ಕೆ 36ರಂತೆ ಏರಿದರೆ ಮಾತ್ರ ಸಮಸಮ. ಖಾಲಿ ನಿವೇಶನ ಭತ್ತ ಬೆಳೆಯುವುದಿಲ್ಲ, ಬಾಡಿಗೆ ತರುವುದಿಲ್ಲ. ಬಡ್ಡಿಯಾದರೋ ಮಳೆಬಿಸಿಲೆನ್ನದೆ ಬೆಳೆಯುತ್ತದೆ. ಇಕ್ಕಟ್ಟು ಬಂದ ದಿನ ಸಿಕ್ಕಿದ ಬೆಲೆಗೆ ಮಾರಬೇಕಾದವನೂ ಅವನೇ.

ಅಂಕೋಲೆಯ ಒಕ್ಕಲಿಗೆ ಸಾಲ ಬಿಡಿಸಿಕೊಳ್ಳಲು ಹೋರಾಟವೂ ಕಾಯಿದೆಯೂ ಬೇಕಾದವು. ಅವನಿಗೆ ಬೇರೆ ದಾರಿ ಇರಲಿಲ್ಲ. ಇಂದು ನಿವೇಶನ ಕೊಳ್ಳ ಹೊರಟವನಿಗೆ ಆಯ್ಕೆ ಅವನ ಕೈಯಲ್ಲೇ ಇದೆ. ಪಹಣಿಯಲ್ಲಿ ಒಡೆಯನ ಹೆಸರನ್ನು ನೋಡುವ ಮೊದಲು ಹನ್ನೊಂದನೆಯ ಕಲಮನ್ನು ನೋಡುವುದು ಜಾಣತನ. ತನ್ನ ಬಾಳಿನ ಹನ್ನೊಂದನೆಯ ಕಲಮನ್ನು ಅದಕ್ಕೂ ಮೊದಲು ನೋಡಿಕೊಳ್ಳುವುದು ಇನ್ನೂ ದೊಡ್ಡ ಜಾಣತನ.